ಆರೋಗ್ಯಕ್ಕೆ ನೂರರಲ್ಲಿ 1 ರೂಪಾಯಿ 84 ಪೈಸೆ

ಮುಂಗಡ ಪತ್ರದ ಕಾಲ ಬಂತೆಂದರೆ ನಮ್ಮ ಹಣಕಾಸಿನ ಪಂಡಿತರು ಒಂದು ಮಾತನ್ನು ತಪ್ಪದೆ ಆಡುತ್ತಾರೆ. ಮೊದಲು ದೇಶದ ಸಂಪತ್ತು ಬೆಳೆಯಲಿ. ಕಾರಖಾನೆಗಳು ಏಳಲಿ, ಹೆದ್ದಾರಿಗಳಾಗಲಿ, ಬಂದರುಗಳಾಗಲಿ. ವರಮಾನ ಹೆಚ್ಚಿದ ಮೇಲೆ ಆಸ್ಪತ್ರೆ, ಔಷಧಿ, ದಾದಿ, ವೈದ್ಯ ಎಲ್ಲವೂ ತಾವಾಗಿಯೇ ಬರುತ್ತವೆ ಎಂಬುದು ಅವರ ವಾದ. ಕೇಳುವುದಕ್ಕೆ ಇದು ಮಿತವ್ಯಯದ ಸಂಸಾರಸ್ಥನ ಮಾತಿನಂತೆಯೇ ಇದೆ. ಗಳಿಸಿದ ಮೇಲಲ್ಲವೆ ಖರ್ಚು?

ಈ ವಾದವನ್ನು ಒಬ್ಬ ರೈತನ ಮುಂದಿಟ್ಟು ನೋಡಿ. ಸುಗ್ಗಿಯಾಗಲಿ, ಆಮೇಲೆ ಎತ್ತಿಗೆ ಹುಲ್ಲು ಹಾಕೋಣ ಎಂದು ಯಾವ ರೈತನೂ ಹೇಳುವುದಿಲ್ಲ. ಹುಲ್ಲು ತಿಂದ ಎತ್ತು ನೆಲ ಉತ್ತರೆ ತಾನೆ ಸುಗ್ಗಿ? ಗಿರಣಿಯ ಮಾಲೀಕನಿಗೂ ಈ ತಿಳಿವಳಿಕೆ ಇದೆ. ಲಾಭ ಬರಲಿ, ಆಮೇಲೆ ಯಂತ್ರಕ್ಕೆ ಎಣ್ಣೆ ಬಿಡೋಣ ಎಂದು ಅವನು ಕಾಯುವುದಿಲ್ಲ. ವರ್ಷ ವರ್ಷವೂ ತನ್ನ ಅಢಾವೆ ಪತ್ರಿಕೆಯಲ್ಲಿ ಯಂತ್ರದ ಸವಕಳಿಗೆಂದು ಒಂದು ಮೊತ್ತವನ್ನು ತೆಗೆದಿಡುತ್ತಾನೆ. ಆದರೆ ಆ ಯಂತ್ರದ ಮಗ್ಗುಲಲ್ಲಿ ಎಂಟು ಗಂಟೆ ನಿಲ್ಲುವ ಮನುಷ್ಯನ ಸವಕಳಿಗೆ ಯಾರ ಲೆಕ್ಕದ ಪುಸ್ತಕದಲ್ಲಿ ಜಾಗವಿದೆ? ಗಿರಣಿಯ ಪುಸ್ತಕದಲ್ಲಿಲ್ಲ. ದೇಶದ ಪುಸ್ತಕದಲ್ಲಿ ಎಷ್ಟಿದೆ ಎಂಬುದನ್ನು ನೋಡೋಣ.

ಲೆಕ್ಕ ಏನು ಹೇಳುತ್ತದೆ?

ಕೇಂದ್ರ ಸರಕಾರವೇ ಪ್ರಕಟಿಸಿದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021-22ರಲ್ಲಿ ಕೇಂದ್ರ ಮತ್ತು ರಾಜ್ಯ ಸರಕಾರಗಳು ಕೂಡಿ ಆರೋಗ್ಯಕ್ಕೆ ಮಾಡಿದ ವೆಚ್ಚ ದೇಶದ ಒಟ್ಟು ಉತ್ಪನ್ನದ ಶೇಕಡ 1.84. ಎಂದರೆ, ಈ ದೇಶ ದುಡಿದು ನೂರು ರೂಪಾಯಿ ಗಳಿಸಿದಾಗ ಸರಕಾರಗಳು ಜನರ ಆರೋಗ್ಯಕ್ಕೆ ತೆಗೆದದ್ದು 1 ರೂಪಾಯಿ 84 ಪೈಸೆ. ಅದೂ ಕೋವಿಡ್ ಹಾವಳಿಯಿದ್ದ ವರ್ಷದಲ್ಲಿ. 2013-14ರಲ್ಲಿ ಇದು 1 ರೂಪಾಯಿ 15 ಪೈಸೆಯಾಗಿತ್ತು. ಏರಿದೆ ಎಂಬುದನ್ನು ಒಪ್ಪಿಕೊಳ್ಳೋಣ.

ಆದರೆ ಕೊಟ್ಟ ಮಾತೇನು? 2002ರ ರಾಷ್ಟ್ರೀಯ ಆರೋಗ್ಯ ನೀತಿ 2010ರ ಹೊತ್ತಿಗೆ ನೂರಕ್ಕೆ 2 ರೂಪಾಯಿ ಎಂದಿತು. 2010 ಬಂತು, ಹೋಯಿತು. 2017ರ ನೀತಿ 2025ರ ಹೊತ್ತಿಗೆ ಎರಡೂವರೆ ರೂಪಾಯಿ ಎಂದಿತು. 2025 ಕೂಡ ಕಳೆದುಹೋಯಿತು. ಒಮ್ಮೆ ಒಂದು ಪಕ್ಷದ ಸರಕಾರ, ಇನ್ನೊಮ್ಮೆ ಇನ್ನೊಂದು ಪಕ್ಷದ ಸರಕಾರ. ವಾಯಿದೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇದೆ. ನಮ್ಮ ಅಂಗಡಿಕಾರ ಬಂಧುಗಳು ಎರಡು ಸಲ ವಾಯಿದೆ ತಪ್ಪಿದ ಗಿರಾಕಿಗೆ ಮೂರನೆಯ ಸಲ ಉದ್ದರಿ ಕೊಡುತ್ತಾರೆಯೆ?

ಸರಕಾರ ಕೊಡದಿದ್ದರೆ ಕಾಯಿಲೆ ಬರದೆ ನಿಲ್ಲುವುದಿಲ್ಲ. ಖರ್ಚಂತೂ ಆಗಿಯೇ ಆಗುತ್ತದೆ. ಅದು ಬೇರೆ ಜೇಬಿನಿಂದ ಹೋಗುತ್ತದೆ, ಅಷ್ಟೆ. ಅದೇ 2021-22ರಲ್ಲಿ ಆರೋಗ್ಯಕ್ಕೆಂದು ದೇಶದಲ್ಲಿ ಖರ್ಚಾದ ಪ್ರತಿ ನೂರು ರೂಪಾಯಿಯಲ್ಲಿ 39 ರೂಪಾಯಿ 40 ಪೈಸೆ ರೋಗಿಯ ಮನೆಯವರು ನೇರವಾಗಿ ಕೈಯಿಂದ ತೆತ್ತದ್ದು. ಒಟ್ಟು ಮೊತ್ತ ಸುಮಾರು 3 ಲಕ್ಷ 56 ಸಾವಿರ ಕೋಟಿ ರೂಪಾಯಿ. 2013-14ರಲ್ಲಿ ಮನೆಯವರ ಪಾಲು 64 ರೂಪಾಯಿ 20 ಪೈಸೆಯಷ್ಟಿತ್ತು ಎಂಬುದನ್ನು ನೆನೆದರೆ ಹೊರೆ ಇಳಿದಿದೆ. ಆದರೂ ಇದು ಹೊರೆಯೇ.

ಈ ಹೊರೆ ಯಾರ ಬೆನ್ನ ಮೇಲೆ ಎಂಬುದೇ ಮುಖ್ಯ. ಮಾರುಕಟ್ಟೆಯ ಸಣ್ಣ ಕಿರಾಣಿ ಅಂಗಡಿಯವನನ್ನು ತೆಗೆದುಕೊಳ್ಳಿ. ಅವನಿಗೆ ರಜೆಯ ಸಂಬಳವಿಲ್ಲ. ಹೆಂಡತಿಗೋ ಮಗುವಿಗೋ ದೊಡ್ಡ ಕಾಯಿಲೆ ಬಂದರೆ ಹತ್ತು ದಿನ ಬಾಗಿಲು ಮುಚ್ಚುತ್ತಾನೆ. ಸಗಟು ವ್ಯಾಪಾರಿಗೆ ಕಟ್ಟಬೇಕಾದ ಹಣ ಔಷಧಿ ಅಂಗಡಿಗೆ ಹೋಗುತ್ತದೆ. ಬಾಗಿಲು ತೆರೆದಾಗ ಅಂಗಡಿಯಲ್ಲಿ ಮಾಲಿಲ್ಲ. ಮಾಲು ತುಂಬಲು ಬಡ್ಡಿ ಸಾಲ. ಅಲ್ಲಿಂದಾಚೆಗೆ ಅವನು ದುಡಿಯುವುದು ಬಡ್ಡಿಗೆ. ಅರ್ಥಶಾಸ್ತ್ರದ ಪುಸ್ತಕ ಬಂಡವಾಳ ಎಂದು ಕರೆಯುವುದು ಇದನ್ನೇ. ದೇಶದ ಬಂಡವಾಳವೆಂದರೆ ಮುಂಬಯಿಯ ಶೇರು ಪೇಟೆಯಲ್ಲಿರುವುದು ಮಾತ್ರವಲ್ಲ. ಲಕ್ಷಾಂತರ ಗಲ್ಲಾ ಪೆಟ್ಟಿಗೆಗಳಲ್ಲಿರುವುದೂ ಬಂಡವಾಳವೇ. ಕಾಯಿಲೆ ಅದನ್ನು ಬೇರು ಸಮೇತ ತಿನ್ನುತ್ತದೆ. 2011-12ರ ಅಂಕಿಗಳನ್ನು ಆಧರಿಸಿದ ಒಂದು ಅಧ್ಯಯನದ ಅಂದಾಜಿನಂತೆ, ಆ ಒಂದೇ ವರ್ಷದಲ್ಲಿ ವೈದ್ಯದ ಖರ್ಚಿನಿಂದ ಬಡತನದ ರೇಖೆಯ ಕೆಳಗೆ ಬಿದ್ದವರು 5 ಕೋಟಿ 50 ಲಕ್ಷ ಜನ. ಅವರಲ್ಲಿ 3 ಕೋಟಿ 80 ಲಕ್ಷ ಜನರನ್ನು ತಳ್ಳಿದ್ದು ಬರಿಯ ಔಷಧಿಯ ಖರ್ಚು.

ಕಾಯಿಲೆ ತಿನ್ನುವ ವರಮಾನ

ಆರೋಗ್ಯಕ್ಕೂ ರಾಷ್ಟ್ರದ ವರಮಾನಕ್ಕೂ ಇರುವ ನಂಟನ್ನು ಈ ನಾಡಿನ ಚಳಿಜ್ವರದ ಕಥೆಗಿಂತ ಚೆನ್ನಾಗಿ ಹೇಳುವುದು ಬೇರೆ ಇಲ್ಲ. 1947ರ ಸುಮಾರಿಗೆ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. ಸತ್ತವರ ಲೆಕ್ಕ ಒಂದು. ಬದುಕಿದವರ ಲೆಕ್ಕ ಇನ್ನೊಂದು. ಮಳೆ ಹಿಡಿದು ನಾಟಿಗೆ ಆಳು ಬೇಕಾದ ಹೊತ್ತಿನಲ್ಲಿಯೇ ಆಳು ಕಂಬಳಿ ಹೊದ್ದು ನಡುಗುತ್ತ ಮಲಗಿರುತ್ತಿದ್ದ. ನಮ್ಮ ಮಲೆನಾಡಿನಲ್ಲಿ ನೀರಿತ್ತು, ಮಣ್ಣಿತ್ತು, ದುಡಿಯುವ ಮೈ ಮಾತ್ರ ಇರಲಿಲ್ಲ. ಗುಲ್ಮ ಬೆಳೆದು ಹೊಟ್ಟೆ ಮುಂದೆ ಬಂದ ಮಕ್ಕಳು ಶಾಲೆಯ ಜಗಲಿಯಲ್ಲಿ ತೂಕಡಿಸುತ್ತಿದ್ದರು. ಉತ್ತರದಲ್ಲಿ ಹಿಮಾಲಯದ ತಪ್ಪಲಿನ ತರಾಯ್ ಪ್ರದೇಶ ಇದೇ ಜ್ವರದಿಂದ ಬೀಳುಬಿದ್ದಿತ್ತು.

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 1958ರಲ್ಲಿ ಅದನ್ನು ನಿರ್ಮೂಲನ ಕಾರ್ಯಕ್ರಮವಾಗಿ ಮಾಡಿದರು. ಮನೆಮನೆಗೆ ಡಿ.ಡಿ.ಟಿ. ಹೊಡೆಯುವವರು ಬಂದರು. 1965ರ ಹೊತ್ತಿಗೆ ವರದಿಯಾದ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. ಬೀಳುಬಿದ್ದ ತರಾಯ್ ಗೋಧಿ ಕಬ್ಬಿನ ನೆಲವಾಯಿತು. ಆಮೇಲೆ? ಗೆದ್ದೆವೆಂದು ಕೈ ಸಡಿಲಬಿಟ್ಟರು. ಹಣ ಸಡಿಲಿತು, ಮದ್ದು ಹೊಡೆಯುವುದು ಸಡಿಲಿತು, ಸೊಳ್ಳೆಯೂ ಮದ್ದಿಗೆ ಒಗ್ಗಿಕೊಂಡಿತು. 1976ರಲ್ಲಿ ಮತ್ತೆ 64 ಲಕ್ಷ ಪ್ರಕರಣಗಳು! ಉಳಿಸಿದೆವೆಂದುಕೊಂಡ ಹಣ ಬಡ್ಡಿ ಸಮೇತ ಹೊರಟುಹೋಯಿತು.

ಗಿರಣಿಯ ಬಂಧುಗಳಿಗೆ ಹತ್ತಿರವಾದ ಇನ್ನೊಂದು ಉದಾಹರಣೆ ಅಮೆರಿಕೆಯ ದಕ್ಷಿಣ ಭಾಗದ ಹತ್ತಿ ಸೀಮೆಯದು. ಅಲ್ಲಿನ ಬಡ ಒಕ್ಕಲಿಗನನ್ನೂ ಗಿರಣಿ ಕೂಲಿಯನ್ನೂ ಜನ ಸೋಮಾರಿಯೆಂದು ಜರೆಯುತ್ತಿದ್ದರು. ಪರೀಕ್ಷಿಸಿ ನೋಡಿದರೆ ಶಾಲೆಯ ಮಕ್ಕಳಲ್ಲಿ ನೂರಕ್ಕೆ ನಲವತ್ತು ಮಂದಿಯ ಕರುಳಿನಲ್ಲಿ ಕೊಕ್ಕೆಹುಳು! ಬರಿಗಾಲಿನಲ್ಲಿ ನಡೆಯುವವರ ಮೈ ಹೊಕ್ಕು ರಕ್ತ ಹೀರುವ ಹುಳು ಅದು. 1909ರಲ್ಲಿ ರಾಕ್‌ಫೆಲರ್ 10 ಲಕ್ಷ ಡಾಲರು ಕೊಟ್ಟು ಒಂದು ಆಯೋಗ ಮಾಡಿದ. ಊರೂರಿಗೆ ಔಷಧಿ ಹಂಚಿದರು, ಕಕ್ಕಸು ಕಟ್ಟುವುದನ್ನು ಕಲಿಸಿದರು. ಹಾಯ್ಟ್ ಬ್ಲೀಕ್ಲಿ ಎಂಬ ಅರ್ಥಶಾಸ್ತ್ರಜ್ಞ 2007ರಲ್ಲಿ ಹಳೆಯ ದಾಖಲೆಗಳನ್ನು ಕೆದಕಿ ತೋರಿಸಿದ: ಹುಳು ಹೆಚ್ಚಾಗಿದ್ದ ಕಡೆಯೇ ಶಾಲೆಯ ಹಾಜರಿಯೂ ಅಕ್ಷರಜ್ಞಾನವೂ ಹೆಚ್ಚಾಗಿ ಏರಿದವು, ಆ ಮಕ್ಕಳು ದೊಡ್ಡವರಾದಾಗ ಸಂಪಾದನೆಯೂ ಏರಿತು. ಸೋಮಾರಿತನವೆಂದು ಧಣಿಗಳು ಕರೆದದ್ದು ಕಾಯಿಲೆಯಾಗಿತ್ತು. ನೂರು ವರ್ಷಗಳ ಹಿಂದಿನ ಈ ಪಾಠವನ್ನು ನಮ್ಮ ಧಣಿಗಳು ಇನ್ನೂ ಓದಬೇಕಾಗಿದೆ.

ಹತ್ತಿ ಗಿರಣಿಗೂ ತನ್ನದೇ ಕಾಯಿಲೆಯಿದೆ. ಬ್ಲೋ ರೂಮ್ ಮತ್ತು ಕಾರ್ಡಿಂಗ್ ಖಾತೆಯ ಧೂಳಿನಲ್ಲಿ ವರ್ಷಗಟ್ಟಲೆ ನಿಂತವರಿಗೆ ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ದಿನ ಎದೆ ಬಿಗಿಯುವುದು ಗೊತ್ತು. ಬಿಸಿನೋಸಿಸ್ ಎಂಬ ಈ ರೋಗ ಕಾನೂನಿನ ಪಟ್ಟಿಯಲ್ಲಿರುವ ಉದ್ಯೋಗಜನ್ಯ ರೋಗ. ಮೊದಮೊದಲು ಒಂದು ದಿನದ ಬಿಗಿತ. ಕೊನೆಗೆ ಮೆಟ್ಟಿಲು ಹತ್ತಲಾರದ ಏದುಸಿರು. ಇಪ್ಪತ್ತು ವರ್ಷದ ಪಳಗಿದ ಕೈ ಮೂಲೆಗೆ ಬೀಳುತ್ತದೆ. ಆ ಕೈಚಳಕ ಹೋದದ್ದು ರಾಷ್ಟ್ರದ ನಷ್ಟವಲ್ಲವೆ? ಧೂಳೆಳೆಯುವ ಯಂತ್ರ ಹಾಕಿಸುವುದು ಖರ್ಚೆಂದು ಬರೆಯುತ್ತಾರೆ. ಹಾಕಿಸದೆ ಬಿಟ್ಟದ್ದರ ಖರ್ಚನ್ನು ಯಾರೂ ಬರೆಯುವುದಿಲ್ಲ.

ಇಷ್ಟಾದರೂ ನಂಬದವರಿಗೆ 2020 ಇದೆ. ಆ ವರ್ಷ ಏಪ್ರಿಲಿನಿಂದ ಜೂನಿನ ವರೆಗಿನ ಮೂರು ತಿಂಗಳಲ್ಲಿ ದೇಶದ ಉತ್ಪನ್ನ ಹಿಂದಿನ ವರ್ಷಕ್ಕಿಂತ ಸುಮಾರು ಕಾಲುಭಾಗ ಕುಸಿಯಿತು. ಗಿರಣಿಯ ಗೇಟು ಮುಚ್ಚಿತು, ಪೇಟೆಯ ಬಾಗಿಲು ಮುಚ್ಚಿತು, ಕೂಲಿಕಾರರು ಹೆದ್ದಾರಿಯುದ್ದಕ್ಕೂ ನಡೆದರು. ಆ ಹೆದ್ದಾರಿಗಳನ್ನು ಕಟ್ಟಲು ಹಣವಿತ್ತು. ಅವುಗಳ ಮೇಲೆ ನಡೆದವರಿಗೆ ಹಾಸಿಗೆ, ಆಮ್ಲಜನಕ, ದಾದಿಯರು ಸಾಲದೆ ಹೋದರು.

ಎದುರು ವಾದವನ್ನೂ ಕೇಳೋಣ

ಪ್ರಾಮಾಣಿಕ ಚರ್ಚೆಯಲ್ಲಿ ಎದುರಾಳಿಯ ಮಾತನ್ನೂ ಮುಂದಿಡಬೇಕು. ಡಾರೋನ್ ಅಸೆಮೊಗ್ಲು, ಸೈಮನ್ ಜಾನ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2007ರಲ್ಲಿ ಬೇರೆಯೇ ತೀರ್ಮಾನಕ್ಕೆ ಬಂದರು. 1940ರ ನಂತರ ಹೊಸ ಔಷಧಿಗಳಿಂದ ಹಲವು ದೇಶಗಳಲ್ಲಿ ಆಯಸ್ಸು ಹೆಚ್ಚಿತು. ಜೊತೆಗೆ ಜನಸಂಖ್ಯೆಯೂ ಹೆಚ್ಚಿತು. ಆದ್ದರಿಂದ ತಲಾ ವರಮಾನ ಏರಿದ್ದು ಕಾಣಲಿಲ್ಲ ಎಂಬುದು ಅವರ ಮಾತು. ಇನ್ನೊಂದು ಕಡೆ, 1993ರಲ್ಲಿ ನೊಬೆಲ್ ಬಹುಮಾನ ಪಡೆದ ರಾಬರ್ಟ್ ಫೋಗೆಲ್ 1790ರಿಂದ 1980ರ ವರೆಗಿನ ಬ್ರಿಟನ್ನಿನ ಲೆಕ್ಕ ತೆಗೆದು, ಆ ದೇಶದ ತಲಾ ವರಮಾನದ ಏಳಿಗೆಯಲ್ಲಿ ಹೆಚ್ಚುಕಡಿಮೆ ನೂರಕ್ಕೆ 30 ಪಾಲು ಜನರ ಹೊಟ್ಟೆಗೆ ನೆಟ್ಟಗೆ ಅನ್ನ ಬಿದ್ದು ಮೈಯಲ್ಲಿ ಕಸುವು ಬಂದುದರ ಫಲ ಎಂದು ಅಂದಾಜು ಮಾಡಿದ.

ಪಂಡಿತರ ಈ ಜಗಳ ನಡೆಯುತ್ತಿರಲಿ. ನಾವು ಹೇಳುವುದು ಇಷ್ಟೆ: ಜೀವ ಉಳಿಸಿದ ಮಾತ್ರಕ್ಕೆ ವರಮಾನ ಏರುವುದಿಲ್ಲ ಎಂಬುದು ನಿಜವಿರಬಹುದು; ಉಳಿದ ಜೀವಕ್ಕೆ ಶಾಲೆ ಬೇಕು, ನೆಲ ಬೇಕು, ಕೆಲಸ ಬೇಕು. ಅದು ಆರೋಗ್ಯಕ್ಕೆ ಖರ್ಚು ಮಾಡಬಾರದೆಂಬುದಕ್ಕೆ ಕಾರಣವಲ್ಲ, ಉಳಿದದ್ದನ್ನೂ ಮಾಡಬೇಕೆಂಬುದಕ್ಕೆ ಕಾರಣ. ಅಲ್ಲದೆ ವರಮಾನ ಇರುವುದಾದರೂ ಏತಕ್ಕೆ? ಮನುಷ್ಯ ಬಾಳಲೆಂದೇ ಅಲ್ಲವೆ? ಮಗು ಬದುಕಿದ್ದರಿಂದ ತಲಾ ವರಮಾನ ಇಳಿಯಿತು ಎಂದು ಯಾವ ತಾಯಿಯೂ ಅಳುವುದಿಲ್ಲ.

ಎಷ್ಟು ಎಂಬುದರ ಜೊತೆಗೆ ಎಲ್ಲಿ ಎಂಬುದು

ಹಣ ಸುರಿದ ಮಾತ್ರಕ್ಕೆ ಆರೋಗ್ಯ ಬರುವುದೆಂದು ನಾವು ಹೇಳುವುದಿಲ್ಲ. ಅಮೆರಿಕ 2022ರಲ್ಲಿ ತನ್ನ ಉತ್ಪನ್ನದ ನೂರಕ್ಕೆ 17 ರೂಪಾಯಿಗೂ ಮೀರಿ ಆರೋಗ್ಯಕ್ಕೆ ವೆಚ್ಚ ಮಾಡಿತು. ಆ ವರ್ಷ ಅಲ್ಲಿನ ಸರಾಸರಿ ಆಯಸ್ಸು 77 ವರ್ಷ ಆರು ತಿಂಗಳು. ಅದಕ್ಕಿಂತ ಎಷ್ಟೋ ಕಡಿಮೆ ಖರ್ಚು ಮಾಡುವ ಜಪಾನಿನಲ್ಲಿ ಸುಮಾರು 84. ವಿಮೆಯ ಕಂಪನಿ, ಔಷಧಿ ಕಂಪನಿ, ದೊಡ್ಡ ಆಸ್ಪತ್ರೆಗಳ ಲಾಭ, ಇವೆಲ್ಲ ಅಮೆರಿಕದ ಲೆಕ್ಕದಲ್ಲಿ ಆರೋಗ್ಯದ ಖರ್ಚೇ.

ಇಲ್ಲಿಯೇ ರಾಷ್ಟ್ರೀಯ ವರಮಾನದ ಲೆಕ್ಕದ ಒಂದು ಚಮತ್ಕಾರವನ್ನು ಓದುಗರು ಗಮನಿಸಬೇಕು. ಊರಿನ ಚರಂಡಿ ಕೆಟ್ಟು, ಕುಡಿಯುವ ನೀರು ಕೆಟ್ಟು, ಐವತ್ತು ಮಂದಿಗೆ ವಿಷಮಶೀತ ಜ್ವರ ಬಂದು, ಅವರು ಖಾಸಗಿ ಆಸ್ಪತ್ರೆಯಲ್ಲಿ ಒಡವೆ ಮಾರಿ ಬಿಲ್ಲು ಕಟ್ಟಿದರೆ ಆ ಬಿಲ್ಲು ವರಮಾನದ ಲೆಕ್ಕಕ್ಕೆ ಸೇರುತ್ತದೆ. ಶುದ್ಧ ನೀರು ಹರಿದು ಜ್ವರವೇ ಬಾರದಿದ್ದರೆ ಆ ಬಿಲ್ಲಿಲ್ಲ, ಲೆಕ್ಕಕ್ಕೆ ಅದು ಸೇರುವುದೂ ಇಲ್ಲ. ಆದಕಾರಣ ವರಮಾನ ಏರಿತೆಂಬ ಸುದ್ದಿ ಬಂದಾಗಲೆಲ್ಲ ಯಾರ ಜೇಬಿನಿಂದ ಯಾರ ಜೇಬಿಗೆ ಏರಿತು ಎಂದು ಕೇಳುವ ಅಭ್ಯಾಸವನ್ನು ನಾವು ಮಾಡಿಕೊಳ್ಳಬೇಕು.

ಕಡಿಮೆ ಹಣದಲ್ಲಿ ಹೆಚ್ಚು ಕೆಲಸ ಮಾಡಬಹುದೆಂಬುದಕ್ಕೆ ನಮ್ಮ ದೇಶವೇ ಜಗತ್ತಿಗೆ ಪಾಠ ಹೇಳಿದ ಕಾಲವೊಂದಿತ್ತು. ಕ್ಷಯರೋಗಿಯನ್ನು ಆರೋಗ್ಯಧಾಮಕ್ಕೆ ಸೇರಿಸಿಯೇ ಗುಣಪಡಿಸಬೇಕೆಂದು ಎಲ್ಲರೂ ನಂಬಿದ್ದಾಗ, ಮದರಾಸಿನಲ್ಲಿ 1956ರಲ್ಲಿ ಶುರುವಾದ ಪ್ರಯೋಗವೊಂದು, ಬಡವರ ಗುಡಿಸಲಿನಲ್ಲಿಯೇ ಮಾತ್ರೆ ಕೊಟ್ಟರೂ ಅಷ್ಟೇ ಚೆನ್ನಾಗಿ ಗುಣವಾಗುತ್ತದೆ ಎಂದು ಸಿದ್ಧಪಡಿಸಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅಲ್ಲಿನ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದ ಸಂಗತಿಯನ್ನು ಪ್ರತಿಯೊಬ್ಬ ಮಂತ್ರಿಯೂ ಗೋಡೆಯ ಮೇಲೆ ಬರೆಸಿಕೊಳ್ಳಬೇಕು. ಹಳ್ಳಿಯ ಜನ ಮೂಢರು, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಸುಳ್ಳಾಗಿತ್ತು. ಕ್ಷಯವಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆಗಲೇ ಸರಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಒಂದು ಬಾಟಲಿ! ಜನ ಬಂದಿದ್ದರು, ಬಾರದೆ ಇದ್ದದ್ದು ಸರಕಾರ.

ಬಡತನ ನೆಪವಲ್ಲ

ದೇಶ ಬಡದು, ಕೈಯಲ್ಲಿ ಕಾಸಿಲ್ಲ ಎಂಬ ನೆಪವನ್ನು ಕೇಳಿ ಕೇಳಿ ಕಿವಿ ತೂತಾಗಿದೆ. ಬ್ರಿಟನ್ನಿನ ಕಥೆ ನೋಡಿ. ಎರಡನೆಯ ಮಹಾಯುದ್ಧ ಆ ದೇಶವನ್ನು ಸಾಲದಲ್ಲಿ ಮುಳುಗಿಸಿತ್ತು. ಆಹಾರಕ್ಕೆ ಪಡಿತರ ಚೀಟಿ 1954ರ ವರೆಗೂ ಇತ್ತು. ಅಂಥ ಹೊತ್ತಿನಲ್ಲಿ, 1948ರ ಜುಲೈ 5ರಂದು, ಸಿರಿವಂತ ಬಡವನೆನ್ನದೆ ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ರಾಷ್ಟ್ರೀಯ ಆರೋಗ್ಯ ಸೇವೆ ಅಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್ ಹದಿಮೂರನೆಯ ವಯಸ್ಸಿಗೇ ಕಲ್ಲಿದ್ದಲ ಗಣಿಗಿಳಿದವನು. ಅವನ ಊರು ಟ್ರೆಡೆಗರ್‌ನಲ್ಲಿ ಕಾರ್ಮಿಕರು ತಮ್ಮ ಕೂಲಿಯ ಒಂದು ಪಾಲನ್ನು ಕೂಡಿಸಿ ವೈದ್ಯರನ್ನೂ ಆಸ್ಪತ್ರೆಯನ್ನೂ ನಡೆಸುತ್ತಿದ್ದರು. ಅದೇ ಅವನಿಗೆ ಮಾದರಿ. 1951ರಲ್ಲಿ ಯುದ್ಧ ಸಿದ್ಧತೆಯ ಹಣಕ್ಕಾಗಿ ಕಟ್ಟುಹಲ್ಲಿಗೂ ಕನ್ನಡಕಕ್ಕೂ ರೋಗಿಯಿಂದ ಕಾಸು ಕೀಳುವ ಪ್ರಸ್ತಾಪ ಬಂದಾಗ ಅವನು ಮಂತ್ರಿ ಪದವಿಯನ್ನೇ ಬಿಟ್ಟು ಹೊರಬಂದ. ಮಂತ್ರಿಗಳಲ್ಲಿ ಅಂಥವರೂ ಇದ್ದರು!

ಬ್ರಿಟನ್ ಸಾಮ್ರಾಜ್ಯದ ಸಿರಿ ಕಂಡ ದೇಶ ಎನ್ನುವಿರಾದರೆ ಥಾಯ್ಲೆಂಡನ್ನು ನೋಡಿ. 1997ರಲ್ಲಿ ಅದರ ನಾಣ್ಯ ನೆಲಕಚ್ಚಿತು. ನಾಲ್ಕೇ ವರ್ಷಗಳ ನಂತರ, 2001ರಲ್ಲಿ, ಸರಕಾರಿ ನೌಕರಿಯೂ ವಿಮೆಯೂ ಇಲ್ಲದ ರೈತ, ಕೂಲಿಕಾರ, ಸಣ್ಣ ವ್ಯಾಪಾರಿಗಳೆಲ್ಲ 30 ಬಾತು ಕೊಟ್ಟು ಚಿಕಿತ್ಸೆ ಪಡೆಯುವ ಯೋಜನೆಯನ್ನು ಅದು ಜಾರಿಗೆ ತಂದಿತು. ನಮ್ಮಲ್ಲಿಯೂ ತಿಳಿವಳಿಕೆಗೆ ಬರವಿರಲಿಲ್ಲ. ಹಣ ತೆರಲಾರನೆಂಬ ಕಾರಣದಿಂದ ಯಾರಿಗೂ ತಕ್ಕ ಚಿಕಿತ್ಸೆ ತಪ್ಪಬಾರದು ಎಂದು ಭೋರ್ ಸಮಿತಿ 1946ರಲ್ಲಿಯೇ, ಸ್ವಾತಂತ್ರ್ಯಕ್ಕೆ ಮುಂಚೆಯೇ, ವರದಿ ಕೊಟ್ಟಿತ್ತು.

ಏನಾಗಬೇಕು?

2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ವರೆಗೆ ಆಸ್ಪತ್ರೆಯ ಖರ್ಚು ಕೊಡುತ್ತದೆ. ಅದರಿಂದ ಜೀವ ಉಳಿದವರಿದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದು ಆಸ್ಪತ್ರೆಗೆ ದಾಖಲಾದವರಿಗೆ. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ತಿಂಗಳು ತಿಂಗಳು ಮಾತ್ರೆ ಕೊಳ್ಳುವವನ ಜೇಬು ಅದರಿಂದ ತುಂಬುವುದಿಲ್ಲ. ಮಾತ್ರೆ ಕೊಳ್ಳಲಾರದೆ ಬಿಟ್ಟವನೇ ನಾಳೆ ಮೂತ್ರಪಿಂಡ ಕೆಟ್ಟು ದಾಖಲಾಗುವವನು. ಬೆಂಕಿ ಹತ್ತಿದ ಮೇಲೆ ಬಾವಿ ತೋಡುವ ಲೆಕ್ಕ ಇದು.

ಆದ್ದರಿಂದ ನಮ್ಮ ಬೇಡಿಕೆಗಳು ನೇರವಾಗಿವೆ. ಮೊದಲನೆಯದು: ವಾಯಿದೆ ತಪ್ಪಿದ ಎರಡೂವರೆ ರೂಪಾಯಿಗೆ ಹೊಸ ದಿನಾಂಕ ಗೊತ್ತುಮಾಡಿ, ಶಾಸನದ ಮೂಲಕ ಕಟ್ಟಿಹಾಕಬೇಕು; ಅದರ ಮೂರನೆಯ ಎರಡು ಪಾಲು, 2017ರ ನೀತಿಯೇ ಹೇಳಿದಂತೆ, ಪ್ರಾಥಮಿಕ ಚಿಕಿತ್ಸೆಗೆ ಹೋಗಬೇಕು. ಎರಡನೆಯದು: ಸರಕಾರಿ ಆಸ್ಪತ್ರೆಯಲ್ಲಿ ಬರೆದ ಔಷಧಿ ಅಲ್ಲಿಯೇ ಉಚಿತವಾಗಿ ಸಿಗಬೇಕು. ತಮಿಳುನಾಡು 1994ರಲ್ಲಿಯೇ ಒಂದು ನಿಗಮ ಸ್ಥಾಪಿಸಿ ಔಷಧಿಯನ್ನು ಒಟ್ಟಿಗೆ ಸಗಟು ಬೆಲೆಗೆ ಕೊಳ್ಳುವ ದಾರಿ ತೋರಿಸಿದೆ. ರಾಜಸ್ಥಾನ 2011ರಲ್ಲಿ ಉಚಿತ ಔಷಧಿಯ ಯೋಜನೆ ತಂದಿತು. ಸಗಟಿಗೂ ಚಿಲ್ಲರೆಗೂ ಇರುವ ಅಂತರ ನಮ್ಮ ವ್ಯಾಪಾರಿಗಳಿಗೆ ಯಾರೂ ವಿವರಿಸಬೇಕಾಗಿಲ್ಲ.

ಮೂರನೆಯದು ಗಿರಣಿಯವರ ಸ್ವಂತ ಪ್ರಶ್ನೆ. 1948ರ ಕಾಯ್ದೆಯಿಂದ ಹುಟ್ಟಿ 1952ರ ಫೆಬ್ರವರಿ 24ರಂದು ಕಾನಪುರದಲ್ಲಿ ಆರಂಭವಾದ ಇ.ಎಸ್.ಐ. ಯಾರ ಕೃಪೆಯೂ ಅಲ್ಲ. ಅದರಲ್ಲಿ ಕಾರ್ಮಿಕನ ಕೂಲಿಯ ಹಣವಿದೆ. ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನಗಳ ವರೆಗೆ ಕೂಲಿಯ ಶೇಕಡ 70 ಕೊಡುವ ಈ ಏರ್ಪಾಡು ದುಡಿಯುವ ಕುಟುಂಬ ಸಾಲಕ್ಕೆ ಬೀಳದಂತೆ ಹಿಡಿದಿರುವ ಹಗ್ಗ. ಆದರೆ 2017ರಲ್ಲಿ ಗೊತ್ತುಮಾಡಿದ ಮಿತಿ ತಿಂಗಳಿಗೆ 21,000 ರೂಪಾಯಿ. ಬೆಲೆಗಳು ಏರಿ, ಅದರ ಹಿಂದೆ ಕೂಲಿಯೂ ಕುಂಟುತ್ತ ಏರಿದರೆ, ಮಿತಿ ದಾಟಿದನೆಂದು ಕಾರ್ಮಿಕನನ್ನು ಹೊರಗೆ ಹಾಕುವುದು ನ್ಯಾಯವಲ್ಲ. ಬೆಲೆಯೊಡನೆ ಮಿತಿಯೂ ಏರಬೇಕು. ಅಂಗಡಿಯಲ್ಲಿ ದುಡಿಯುವ ಹುಡುಗನಿಗೂ, ಒಬ್ಬನೇ ಗಲ್ಲಾ ಮೇಲೆ ಕೂರುವ ಸಣ್ಣ ವ್ಯಾಪಾರಿಗೂ ತಕ್ಕ ವಂತಿಗೆ ಕಟ್ಟಿ ಇಂಥದೇ ಆಸರೆ ಪಡೆಯುವ ದಾರಿ ಆಗಬೇಕು.

ಇದು ಗಿರಣಿಯವನ ಕೆಲಸ, ಇದು ಅಂಗಡಿಯವನ ಕೆಲಸ ಎಂದು ಬೇರ್ಪಡಿಸಿ ನೋಡುವಂತಿಲ್ಲ. ಗಿರಣಿಯವನು ಮಲಗಿದ ವಾರ ಅಂಗಡಿಯವನ ಉದ್ದರಿ ವಸೂಲಾಗುವುದಿಲ್ಲ. ಅಂಗಡಿಯವನು ಮಲಗಿದ ವಾರ ಗಿರಣಿಯವನಿಗೆ ಉದ್ದರಿ ಅಕ್ಕಿ ಸಿಗುವುದಿಲ್ಲ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವವರನ್ನು, ಅವರು ಯಾವ ಬಾವುಟ ಹಿಡಿದಿದ್ದರೂ ಸರಿ, ಇಬ್ಬರೂ ಕೂಡಿ ಮೂರು ಪ್ರಶ್ನೆ ಕೇಳಿರಿ. ನೂರಕ್ಕೆ ಎಷ್ಟು? ಯಾವ ವರ್ಷದೊಳಗೆ? ಯಾವ ಆಸ್ಪತ್ರೆಗೆ, ಯಾವ ಔಷಧಿಗೆ? ಉತ್ತರವನ್ನು ಕಾಗದದ ಮೇಲೆ ಬರೆಸಿಕೊಂಡು ರುಜು ಹಾಕಿಸಿಕೊಳ್ಳಿರಿ. ಬಾಯಿಮಾತಿನ ವಾಯಿದೆಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ.